ಮನೆ ಕೊಳ್ಳುವ ಮುನ್ನ ಮಧ್ಯವರ್ತಿಯನ್ನು ಅರಿಯಿರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಮನೆ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವವನು ಮೇಸ್ತ್ರಿ. ಕಟ್ಟಿದ ಮನೆಯನ್ನು ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವವನು ಮಧ್ಯವರ್ತಿ. ದಲ್ಲಾಳಿ, ಬ್ರೋಕರ್, ಏಜೆಂಟ್ ಎಂದು ಊರಿಗೊಂದು ಹೆಸರಿನಿಂದ ಕರೆಸಿಕೊಳ್ಳುವ ಈತನ ನೆರವಿಲ್ಲದೆ ಮನೆ ಹುಡುಕುವುದು ಹಲವರಿಗೆ ಕಷ್ಟ. ಯಾವ ಬಡಾವಣೆಯಲ್ಲಿ ಯಾವ ಮನೆ ಮಾರಾಟಕ್ಕಿದೆ, ಮಾಲೀಕರು ಯಾಕೆ ಮಾರುತ್ತಿದ್ದಾರೆ, ಪಕ್ಕದ ಮನೆ ಕಳೆದ ವರ್ಷ ಎಷ್ಟಕ್ಕೆ ಹೋಯಿತು ಎಂಬ ಮಾಹಿತಿ ಆತನ ಬಳಿ ಇರುತ್ತದೆ.

ಆದರೆ ಜೀವಮಾನದ ಉಳಿತಾಯವನ್ನೂ ಇಪ್ಪತ್ತು ವರ್ಷದ ಬ್ಯಾಂಕ್ ಸಾಲವನ್ನೂ ಒಂದೇ ವ್ಯವಹಾರದಲ್ಲಿ ತೊಡಗಿಸುವ ಕುಟುಂಬವು ಆ ಮಧ್ಯವರ್ತಿಯ ಬಗ್ಗೆ ವಿಚಾರಿಸುವುದು ಅಪರೂಪ. ‘ನಮ್ಮ ಕಡೆಯವರು’, ‘ಪರಿಚಯಸ್ಥರು ಹೇಳಿದವರು’ ಎಂಬ ಎರಡು ಮಾತುಗಳಲ್ಲಿ ಆಯ್ಕೆ ಮುಗಿದುಬಿಡುತ್ತದೆ. ಮುಂದೆ ದಾಖಲೆಯಲ್ಲಿ ದೋಷ ಕಂಡುಬಂದಾಗ ‘ನಾನು ಮನೆ ತೋರಿಸಿದವನು ಮಾತ್ರ’ ಎಂದು ಆತ ಕೈತೊಳೆದುಕೊಳ್ಳುವುದುಂಟು. ಹೀಗಾಗಿ ಮಧ್ಯವರ್ತಿಯ ಕೆಲಸವೇನು, ಆತನ ಹೊಣೆ ಎಲ್ಲಿಯವರೆಗೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲೇ ಅರಿತಿರುವುದು ಒಳಿತು.

ಮಧ್ಯವರ್ತಿ ಯಾರ ಪರ?

ನಮ್ಮಲ್ಲಿ ಹಳೆಯ ಮನೆಗಳ ಮಾರಾಟದಲ್ಲಿ ಒಬ್ಬನೇ ಮಧ್ಯವರ್ತಿ ಕೊಳ್ಳುವವರಿಂದಲೂ ಮಾರುವವರಿಂದಲೂ ಕಮಿಷನ್ ಪಡೆಯುವ ರೂಢಿ ಬಲವಾಗಿದೆ. ಸಾಮಾನ್ಯವಾಗಿ ಇದು ಪ್ರತಿಯೊಂದು ಕಡೆಯಿಂದ ಬೆಲೆಯ ಶೇ. 1ರಿಂದ 2ರಷ್ಟಿರುತ್ತದೆ. ಈ ದರವನ್ನು ಯಾವುದೇ ಕಾನೂನು ನಿಗದಿಪಡಿಸಿಲ್ಲ. ಅದು ಮಾತುಕತೆಯಿಂದ ತೀರ್ಮಾನವಾಗುವಂಥದ್ದು.

ಒಂದು ಲೆಕ್ಕವನ್ನು ನೋಡಬಹುದು. ಮನೆಯ ಬೆಲೆ 60 ಲಕ್ಷ ರೂಪಾಯಿ, ಕಮಿಷನ್ ಎರಡೂ ಕಡೆಯಿಂದ ಶೇ. 1 ಎಂದಿಟ್ಟುಕೊಳ್ಳೋಣ. ಮಧ್ಯವರ್ತಿಗೆ ಒಟ್ಟು 1 ಲಕ್ಷ 20 ಸಾವಿರ ರೂಪಾಯಿ ಸಿಗುತ್ತದೆ. ಆತ ಚೌಕಾಸಿ ಮಾಡಿ ಬೆಲೆಯನ್ನು 3 ಲಕ್ಷದಷ್ಟು ಇಳಿಸಿದರೆ ಕೊಳ್ಳುವವರಿಗೆ ಉಳಿಯುವುದು 3 ಲಕ್ಷ. ಮಧ್ಯವರ್ತಿ ಕಳೆದುಕೊಳ್ಳುವುದು ಕೇವಲ 6 ಸಾವಿರ. ಅಂದರೆ ಬೆಲೆ ಸ್ವಲ್ಪ ಏರಲಿ, ಇಳಿಯಲಿ, ಆತನಿಗೆ ಹೆಚ್ಚಿನ ವ್ಯತ್ಯಾಸವಾಗದು. ವ್ಯವಹಾರ ಮುರಿದುಬಿದ್ದರೆ ಮಾತ್ರ ಆತನಿಗೆ ಪೂರ್ತಿ ನಷ್ಟ. ಆದ್ದರಿಂದ ಪ್ರಾಮಾಣಿಕ ಮಧ್ಯವರ್ತಿಯ ಒಲವೂ ವ್ಯವಹಾರ ಬೇಗ ಮುಗಿಯುವ ಕಡೆಗೇ ಇರುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ದಾಖಲೆ ಪರಿಶೀಲನೆ ಎಂಬುದು ವ್ಯವಹಾರವನ್ನು ನಿಧಾನಗೊಳಿಸುವ, ಕೆಲವೊಮ್ಮೆ ಮುರಿಯುವ ಕೆಲಸ. ಈ ಎರಡೂ ಕೆಲಸಗಳನ್ನು ಒಬ್ಬನಿಗೇ ವಹಿಸಬಾರದು ಎಂಬುದು ಇದರಿಂದ ತಿಳಿಯಬೇಕಾದ ಮೊದಲ ಪಾಠ.

ಮನೆ ಹುಡುಕಿಕೊಡುವುದು, ಮಾಲೀಕರನ್ನು ಭೇಟಿ ಮಾಡಿಸುವುದು, ಬೆಲೆಯ ಮಾತುಕತೆ, ದಾಖಲೆಗಳ ಪ್ರತಿ ತರಿಸಿಕೊಡುವುದು, ನೋಂದಣಿಯ ದಿನ ಎರಡೂ ಕಡೆಯವರನ್ನು ಸೇರಿಸುವುದು ಮಧ್ಯವರ್ತಿಯ ಕೆಲಸ. ಆಸ್ತಿಯ ಹಕ್ಕು ಶುದ್ಧವಾಗಿದೆಯೇ ಎಂದು ಹೇಳುವುದು ವಕೀಲರ ಕೆಲಸ. ಆ ವಕೀಲರನ್ನು ಕೊಳ್ಳುವವರು ತಾವೇ ಗೊತ್ತುಮಾಡಿಕೊಳ್ಳಬೇಕೇ ಹೊರತು ಮಧ್ಯವರ್ತಿ ಸೂಚಿಸಿದವರನ್ನು ಒಪ್ಪಿಕೊಳ್ಳುವುದು ಜಾಣತನವಲ್ಲ.

ರೇರಾ ನೋಂದಣಿ: ಎಲ್ಲಿ ಅನ್ವಯ, ಎಲ್ಲಿ ಇಲ್ಲ?

ಬಹಳ ಕಾಲ ಈ ವೃತ್ತಿಗೆ ಯಾವುದೇ ಪರವಾನಗಿಯ ಅಗತ್ಯವಿರಲಿಲ್ಲ. 2016ರಲ್ಲಿ ಸಂಸತ್ತು ಅಂಗೀಕರಿಸಿದ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ಜನಸಾಮಾನ್ಯರ ಬಾಯಲ್ಲಿ ರೇರಾ, 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಕರ್ನಾಟಕದ ನಿಯಮಗಳು ಅದೇ ವರ್ಷದ ಜುಲೈನಲ್ಲಿ ಪ್ರಕಟವಾದವು. ದಲ್ಲಾಳಿ, ಬ್ರೋಕರ್, ಮಧ್ಯವರ್ತಿ ಎಂದು ಯಾವ ಹೆಸರಿನಿಂದ ಕರೆದರೂ, ಯಾವ ಮಾಧ್ಯಮದ ಮೂಲಕ ಗಿರಾಕಿಗಳನ್ನು ಪರಿಚಯಿಸಿದರೂ ಅಂಥವರು ಈ ಕಾಯ್ದೆಯ ದೃಷ್ಟಿಯಲ್ಲಿ ‘ಏಜೆಂಟ್’ ಆಗುತ್ತಾರೆ.

ಕಾಯ್ದೆಯ 9ನೇ ಕಲಂ ಪ್ರಕಾರ ರೇರಾದಲ್ಲಿ ನೋಂದಣಿಯಾದ ಯೋಜನೆಯ ನಿವೇಶನ ಅಥವಾ ಫ್ಲ್ಯಾಟ್ ಮಾರಾಟಕ್ಕೆ ನೆರವಾಗುವ ಏಜೆಂಟರು ತಾವೂ ನೋಂದಣಿ ಮಾಡಿಸಿಕೊಂಡಿರಬೇಕು. ತಾವು ನಡೆಸಿಕೊಡುವ ಪ್ರತಿಯೊಂದು ಮಾರಾಟದಲ್ಲೂ ಆ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. 10ನೇ ಕಲಂ ಅವರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ: ನೋಂದಣಿಯಾಗದ ಯೋಜನೆಯ ಮಾರಾಟಕ್ಕೆ ಕೈಹಾಕಬಾರದು, ಲೆಕ್ಕಪತ್ರ ಇಡಬೇಕು, ಇಲ್ಲದ ಸೌಕರ್ಯವನ್ನು ಇದೆಯೆಂದು ಹೇಳಬಾರದು, ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಲ್ಲಬೇಕಾದ ಮಾಹಿತಿ ಮತ್ತು ದಾಖಲೆಗಳು ದೊರೆಯುವಂತೆ ನೋಡಿಕೊಳ್ಳಬೇಕು. ಇವುಗಳನ್ನು ಉಲ್ಲಂಘಿಸಿದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ. 5ರವರೆಗೂ ದಂಡ ವಿಧಿಸಲು ಅವಕಾಶವಿದೆ.

ಕರ್ನಾಟಕ ರೇರಾ ಪ್ರಾಧಿಕಾರದ ಅಂತರಜಾಲ ತಾಣದಲ್ಲಿ ಯೋಜನೆಗಳ ಪಟ್ಟಿಯೂ ಏಜೆಂಟರ ಪಟ್ಟಿಯೂ ಬೇರೆ ಬೇರೆಯಾಗಿ ದೊರೆಯುತ್ತವೆ. ಏಜೆಂಟರ ನೋಂದಣಿ ಸಂಖ್ಯೆಯ ನಡುವೆ ‘ಎಜಿ’ ಎಂಬ ಅಕ್ಷರಗಳೂ, ಯೋಜನೆಯ ಸಂಖ್ಯೆಯ ನಡುವೆ ‘ಪಿಆರ್’ ಎಂಬ ಅಕ್ಷರಗಳೂ ಇರುತ್ತವೆ. ಬಿಲ್ಡರ್‌ನ ಸಂಖ್ಯೆಯನ್ನು ತೋರಿಸಿ ತಾನೇ ನೋಂದಾಯಿತ ಏಜೆಂಟ್ ಎಂದು ಹೇಳಿಕೊಳ್ಳುವವರನ್ನು ಇದರಿಂದಲೇ ಗುರುತಿಸಬಹುದು. ಏಜೆಂಟರ ನೋಂದಣಿಗೆ ಐದು ವರ್ಷಗಳ ಅವಧಿ ಇರುವುದರಿಂದ ಅದು ಮುಗಿದಿದೆಯೇ ಎಂಬುದನ್ನೂ ನೋಡಬೇಕು.

ಇಲ್ಲಿ ಬಹುತೇಕರು ಗಮನಿಸದ ಸಂಗತಿಯೊಂದಿದೆ. ರೇರಾ ನೋಂದಣಿ ಅನ್ವಯಿಸುವುದು ಬಿಲ್ಡರ್‌ಗಳು, ಬಡಾವಣೆ ನಿರ್ಮಿಸುವವರು ಕೈಗೊಂಡ ಯೋಜನೆಗಳಿಗೆ ಮಾತ್ರ. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಸಣ್ಣ ಯೋಜನೆಗಳಿಗೆ ಕಾಯ್ದೆ ವಿನಾಯಿತಿ ನೀಡಿದೆ. ನಿವೃತ್ತ ಶಿಕ್ಷಕರೊಬ್ಬರು ತಮ್ಮ ಹಳೆಯ ಮನೆಯನ್ನು ಮಾರಿದರೆ ಅದು ರೇರಾ ವ್ಯಾಪ್ತಿಗೆ ಬರುವುದಿಲ್ಲ. ಆ ಮಾರಾಟಕ್ಕೆ ನೆರವಾಗುವ ಊರಿನ ದಲ್ಲಾಳಿ ನೋಂದಣಿ ಮಾಡಿಸಿಕೊಂಡಿರಬೇಕೆಂಬ ನಿಯಮವೂ ಇಲ್ಲ. ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಹಳೆಯ ಮನೆ ಕೊಳ್ಳುವವರು ಕಾಯ್ದೆಯ ಈ ರಕ್ಷಣೆಯ ಹೊರಗೇ ಇರುತ್ತಾರೆ. ಅವರ ಪಾಲಿಗೆ ಮಧ್ಯವರ್ತಿಯ ಆಯ್ಕೆ ಇನ್ನಷ್ಟು ಮುಖ್ಯವಾಗುತ್ತದೆ.

ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮಾತಿನ ಚಾತುರ್ಯದಿಂದ ಮಧ್ಯವರ್ತಿಯನ್ನು ಅಳೆಯಲಾಗದು. ಆತ ಯಾವುದನ್ನು ತೋರಿಸಲು ಸಿದ್ಧ, ಯಾವುದನ್ನು ಮುಚ್ಚಿಡುತ್ತಾನೆ ಎಂಬುದೇ ಸರಿಯಾದ ಅಳತೆಗೋಲು. ಮೊದಲ ಭೇಟಿಯಲ್ಲೇ ಕೆಳಗಿನ ವಿಷಯಗಳನ್ನು ವಿಚಾರಿಸಬಹುದು.

ಮಾಲೀಕರ ಭೇಟಿ: ಬೆಲೆ ಮಾತನಾಡುವ ಮುನ್ನ ಮಾಲೀಕರನ್ನು ನೇರವಾಗಿ ಕಾಣಲು ಸಾಧ್ಯವೇ? ಮಾಲೀಕರ ಭೇಟಿಯನ್ನು ನೋಂದಣಿಯ ದಿನದವರೆಗೂ ಮುಂದೂಡುವ ಮಧ್ಯವರ್ತಿಯ ಬಗ್ಗೆ ಎಚ್ಚರಿಕೆ ಅಗತ್ಯ. ಕೆಲವು ಕಡೆ ಮಧ್ಯವರ್ತಿಯೇ ಮಾಲೀಕರೊಂದಿಗೆ 50 ಲಕ್ಷಕ್ಕೆ ಕರಾರು ಮಾಡಿಕೊಂಡು ಅದೇ ಮನೆಯನ್ನು 60 ಲಕ್ಷಕ್ಕೆ ಕೈಬದಲಿಸಲು ಯತ್ನಿಸುವುದುಂಟು. ಆಗ ಆತ ಮಧ್ಯವರ್ತಿಯಾಗಿ ಉಳಿಯುವುದಿಲ್ಲ, ವ್ಯಾಪಾರಿಯಾಗುತ್ತಾನೆ. ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಕ್ರಯದ ಕರಾರು ಮಾತ್ರದಿಂದ ಆಸ್ತಿಯ ಮೇಲೆ ಹಕ್ಕು ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಇನ್ನು, ಏಜೆಂಟನಾದವನು ತನ್ನನ್ನು ನೇಮಿಸಿದವರ ಒಪ್ಪಿಗೆಯಿಲ್ಲದೆ ಅದೇ ವ್ಯವಹಾರದಲ್ಲಿ ತನ್ನ ಸ್ವಂತ ಲಾಭಕ್ಕೆ ತೊಡಗುವುದನ್ನು 1872ರ ಭಾರತೀಯ ಕರಾರು ಕಾಯ್ದೆ ಒಪ್ಪುವುದಿಲ್ಲ. ಹಾಗೆ ಗಳಿಸಿದ ಲಾಭವನ್ನು ಕೇಳುವ ಹಕ್ಕನ್ನು ಅದರ 216ನೇ ಕಲಂ ನೀಡುತ್ತದೆ.

ಹಿಂದಿನ ವ್ಯವಹಾರಗಳು: ಕಳೆದ ಒಂದೆರಡು ವರ್ಷಗಳಲ್ಲಿ ಇದೇ ಬಡಾವಣೆಯಲ್ಲಿ ಮನೆ ಕೊಡಿಸಿದ್ದರೆ, ಕೊಂಡವರೊಡನೆ ಮಾತನಾಡಿಸುವಂತೆ ಕೇಳಬೇಕು. ಅವರನ್ನು ಕೇಳಬೇಕಾದ ಪ್ರಶ್ನೆ ‘ಇವರು ಒಳ್ಳೆಯವರೇ’ ಎಂಬುದಲ್ಲ. ‘ನೋಂದಣಿಯ ನಂತರ ಖಾತೆ ಬದಲಾವಣೆಗೆ ತೊಂದರೆಯಾಯಿತೇ, ಆಗ ಇವರು ಫೋನ್ ಎತ್ತಿದರೇ’ ಎಂಬುದು.

ಸ್ಥಳೀಯ ತಿಳಿವಳಿಕೆ: ಆ ಭಾಗದ ಮಾರ್ಗಸೂಚಿ ದರವೆಷ್ಟು, ಬಡಾವಣೆಗೆ ಯಾವ ಪ್ರಾಧಿಕಾರದ ಅನುಮೋದನೆಯಿದೆ, ಕೃಷಿ ಜಮೀನು ಯಾವಾಗ ಪರಿವರ್ತನೆಯಾಯಿತು ಎಂದು ಕೇಳಿದರೆ ಅನುಭವಿ ಮಧ್ಯವರ್ತಿ ಉತ್ತರಿಸಬಲ್ಲ. ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳುತ್ತೇನೆ ಎನ್ನುವವನು ಪರವಾಗಿಲ್ಲ. ‘ಅದೆಲ್ಲ ಸರಿಯಿದೆ, ಚಿಂತೆ ಬೇಡ’ ಎಂದು ತೇಲಿಸುವವನನ್ನು ಬಿಡುವುದು ಲೇಸು.

ಒಬ್ಬರನ್ನೇ ನೆಚ್ಚಿಕೊಳ್ಳದೆ ಇಬ್ಬರು ಮೂವರನ್ನು ಕಂಡು ಒಂದೇ ಬಡಾವಣೆಯ ಬೆಲೆಯನ್ನು ವಿಚಾರಿಸಿದರೆ ಮಾರುಕಟ್ಟೆಯ ನಿಜಸ್ಥಿತಿಯೂ ತಿಳಿಯುತ್ತದೆ, ಯಾರು ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಎಂಬುದೂ ಗೊತ್ತಾಗುತ್ತದೆ.

ಕಮಿಷನ್ ಮಾತು ಕಾಗದದಲ್ಲಿರಲಿ

ಕಮಿಷನ್ ಎಷ್ಟು, ಯಾವಾಗ ಕೊಡಬೇಕು ಎಂಬುದನ್ನು ಮನೆ ನೋಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮನೆ ಮನಸ್ಸಿಗೆ ಹಿಡಿದ ಮೇಲೆ ಚೌಕಾಸಿಯ ಶಕ್ತಿ ತಾನಾಗಿಯೇ ಕುಗ್ಗುತ್ತದೆ. ಒಂದು ಪುಟದ ಕಾಗದದಲ್ಲಿ ಶೇಕಡಾವಾರು ದರ, ಮಾರುವವರಿಂದಲೂ ಕಮಿಷನ್ ಪಡೆಯಲಾಗುತ್ತಿದೆಯೇ ಎಂಬ ವಿವರ, ಜಿ.ಎಸ್.ಟಿ. ಸೇರಿದೆಯೇ ಇಲ್ಲವೇ ಎಂಬುದು, ಕಂತುಗಳು ಹಾಗೂ ವ್ಯವಹಾರ ಮುರಿದರೆ ಏನು ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಬಹುದು. ಜಿ.ಎಸ್.ಟಿ. ನೋಂದಣಿ ಇರುವ ಏಜೆಂಟರು ಕಮಿಷನ್ ಮೇಲೆ ಶೇ. 18ರಷ್ಟು ತೆರಿಗೆ ಸೇರಿಸುತ್ತಾರೆ. 60 ಸಾವಿರ ಎಂದುಕೊಂಡದ್ದು 70,800 ಆಗುವುದು ಹೀಗೆಯೇ.

ಕಮಿಷನ್‌ನ ದೊಡ್ಡ ಭಾಗವನ್ನು ಕ್ರಯಪತ್ರದ ನೋಂದಣಿಯ ದಿನಕ್ಕೆ ಉಳಿಸಿಕೊಳ್ಳುವುದು ವಾಡಿಕೆಯೂ ಹೌದು, ಸುರಕ್ಷಿತವೂ ಹೌದು. ಕರಾರಿನ ದಿನವೇ ಪೂರ್ತಿ ಹಣ ಕೇಳುವ ಮಧ್ಯವರ್ತಿಗೆ ಮುಂದಿನ ಹಂತದಲ್ಲಿ ಆಸಕ್ತಿ ಉಳಿಯುವುದು ಕಷ್ಟ.

ಟೋಕನ್ ಹಣದ ಅವಸರ

‘ಇವತ್ತು ಸಂಜೆಯೊಳಗೆ ಟೋಕನ್ ಕೊಡದಿದ್ದರೆ ಮನೆ ಬೇರೆಯವರ ಪಾಲಾಗುತ್ತದೆ’ ಎಂಬುದು ಈ ವೃತ್ತಿಯಲ್ಲಿ ಬಹಳ ಕೇಳಿಬರುವ ಮಾತು. ಕೆಲವೊಮ್ಮೆ ಅದು ನಿಜವೂ ಆಗಿರಬಹುದು. ಹಾಗಿದ್ದರೂ ಮೂರು ಎಚ್ಚರಿಕೆಗಳನ್ನು ಬಿಡುವಂತಿಲ್ಲ.

ಒಂದು, ಮುಂಗಡ ಹಣವು ಮಾಲೀಕರ ಬ್ಯಾಂಕ್ ಖಾತೆಗೇ ಹೋಗಬೇಕು, ಮಧ್ಯವರ್ತಿಯ ಕೈಗಲ್ಲ. ಎರಡು, ಮಾಲೀಕರ ಸಹಿಯುಳ್ಳ ರಸೀದಿಯಲ್ಲಿ ‘ದಾಖಲೆಗಳು ಸರಿಯಿಲ್ಲವೆಂದು ವಕೀಲರು ಅಭಿಪ್ರಾಯಪಟ್ಟರೆ ಹಣವನ್ನು ಹಿಂತಿರುಗಿಸಲಾಗುವುದು’ ಎಂಬ ಒಂದು ವಾಕ್ಯವಿರಬೇಕು. ಮೂರು, ನಗದು ವ್ಯವಹಾರ ಬೇಡ. ಸ್ಥಿರಾಸ್ತಿ ಮಾರಾಟಕ್ಕೆ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿರ್ಬಂಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬಿಲ್ಡರ್‌ನಿಂದ ಫ್ಲ್ಯಾಟ್ ಕೊಳ್ಳುವಾಗಲಂತೂ ನೋಂದಾಯಿತ ಕರಾರು ಆಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯಲು ರೇರಾ ಕಾಯ್ದೆಯ 13ನೇ ಕಲಂ ಅವಕಾಶ ಕೊಡುವುದಿಲ್ಲ.

ಕ್ರಯಪತ್ರದಲ್ಲಿ ಬೆಲೆಯನ್ನು ಕಡಿಮೆ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡಿ ಎಂಬ ಸಲಹೆಯೂ ಮಧ್ಯವರ್ತಿಗಳಿಂದಲೇ ಬರುವುದುಂಟು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಿದ ಮೇಲೆ ಈ ಆಮಿಷ ಇನ್ನಷ್ಟು ಆಕರ್ಷಕವಾಗಿ ಕಾಣಬಹುದು. ಆದರೆ ಬೆಲೆ ಕಡಿಮೆ ತೋರಿಸಿದ ಪತ್ರವನ್ನು ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಮರುಪರಿಶೀಲನೆಗೆ ಕಳುಹಿಸಬಹುದು. ವ್ಯವಹಾರ ವಿವಾದಕ್ಕೆ ತಿರುಗಿದರೆ ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷ್ಯವಿರುವುದಿಲ್ಲ. ಇಂಥ ಸಲಹೆ ಕೊಡುವ ಮಧ್ಯವರ್ತಿ ಮಾರುವವರ ಅನುಕೂಲವನ್ನು ನೋಡುತ್ತಿದ್ದಾನೆ ಎಂದು ತಿಳಿಯಬೇಕು.

ಮಧ್ಯವರ್ತಿ ತರಿಸಿಕೊಡಬೇಕಾದ ದಾಖಲೆಗಳು

ಒಳ್ಳೆಯ ಮಧ್ಯವರ್ತಿ ಕೇಳುವ ಮುನ್ನವೇ ದಾಖಲೆಗಳ ನಕಲು ಪ್ರತಿಗಳನ್ನು ಒದಗಿಸುತ್ತಾನೆ. ಮಾಲೀಕರ ಕ್ರಯಪತ್ರ, ಅದಕ್ಕೂ ಹಿಂದಿನ ಮೂಲಪತ್ರಗಳು, ಋಣಭಾರ ಪ್ರಮಾಣಪತ್ರ ಅಂದರೆ ಇ.ಸಿ., ಖಾತಾ, ತೆರಿಗೆ ರಸೀದಿ, ಭೂ ಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ ಇವು ಮುಖ್ಯವಾದವು. ಮಧ್ಯವರ್ತಿ ತಂದ ಇ.ಸಿ.ಯನ್ನೇ ನಂಬದೆ ಕಾವೇರಿ ಆನ್‌ಲೈನ್ ಸೇವೆಯ ಮೂಲಕ ಅಥವಾ ಉಪನೋಂದಣಾಧಿಕಾರಿ ಕಚೇರಿಯಿಂದ ಕೊಳ್ಳುವವರೇ ಮತ್ತೊಂದು ಪ್ರತಿ ಪಡೆಯುವುದು ಉತ್ತಮ. ವ್ಯವಹಾರಗಳು ದಾಖಲಾಗಿದ್ದರೆ ನಮೂನೆ 15, ಯಾವುದೂ ಇಲ್ಲದಿದ್ದರೆ ನಮೂನೆ 16 ದೊರೆಯುತ್ತದೆ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು ವಿಭಾಗ ಅದರಲ್ಲಿ ಕಾಣಿಸುವುದಿಲ್ಲ.

ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವೆಂಬ ನಿಯಮ 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು ವ್ಯವಸ್ಥೆಯ ನಮೂನೆ 9 ಮತ್ತು 11ಎ ಬೇಕು. ಇಲ್ಲಿ ‘11ಬಿ ಇದ್ದರೂ ಒಂದೇ’, ನಗರದಲ್ಲಿ ‘ಬಿ ಖಾತಾ ಇದ್ದರೂ ಏನಾಗುವುದಿಲ್ಲ’ ಎಂಬ ಭರವಸೆ ಕೇಳಿಬಂದರೆ ಅಲ್ಲಿಗೇ ನಿಂತು ವಕೀಲರನ್ನು ವಿಚಾರಿಸಬೇಕು. ಬ್ಯಾಂಕ್ ಸಾಲ, ಕಟ್ಟಡ ಪರವಾನಗಿ, ಮುಂದಿನ ಮರುಮಾರಾಟ ಎಲ್ಲಕ್ಕೂ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಇನ್ನೂ ಮೂರು ಸಂಗತಿಗಳಲ್ಲಿ ಮಧ್ಯವರ್ತಿಯ ಮಾತು ಎಷ್ಟು ಪಕ್ವ ಎಂಬುದು ಬಯಲಾಗುತ್ತದೆ.

ಮೊದಲನೆಯದು ಜನರಲ್ ಪವರ್ ಆಫ್ ಅಟಾರ್ನಿ ಮೂಲಕ ನಡೆಯುವ ಮಾರಾಟ. ಇಂಥ ಪತ್ರದಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಾಲೀಕರ ಪರವಾಗಿ ಅಧಿಕಾರ ಪಡೆದವರು ಕ್ರಯಪತ್ರಕ್ಕೆ ಸಹಿ ಮಾಡಬಹುದು, ಅದು ಬೇರೆ ವಿಷಯ. ಆಗಲೂ ಆ ಅಧಿಕಾರ ಪತ್ರ ಚಾಲ್ತಿಯಲ್ಲಿದೆಯೇ, ಮಾಲೀಕರು ಬದುಕಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಎರಡನೆಯದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕು ನೀಡಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ದೃಢಪಡಿಸಿತು. ‘ಅಕ್ಕ ತಂಗಿಯರು ಮದುವೆಯಾಗಿ ಹೋಗಿದ್ದಾರೆ, ಅವರ ಸಹಿ ಬೇಕಿಲ್ಲ’ ಎನ್ನುವ ಮಧ್ಯವರ್ತಿ ಕೊಳ್ಳುವವರನ್ನು ದಾವೆಯ ದಾರಿಗೆ ತಳ್ಳುತ್ತಿದ್ದಾನೆ ಎಂದೇ ಅರ್ಥ. ವಂಶವೃಕ್ಷ ತರಿಸಿ ಹಕ್ಕುದಾರರೆಲ್ಲರ ಸಹಿ ಪಡೆಯುವುದೇ ಸರಿಯಾದ ದಾರಿ.

ಮೂರನೆಯದು ಸರ್ಕಾರದಿಂದ ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವುದನ್ನು ಪಿ.ಟಿ.ಸಿ.ಎಲ್. ಎಂದೇ ಪರಿಚಿತವಾದ 1978ರ ಕಾಯ್ದೆ ನಿಷೇಧಿಸುತ್ತದೆ. ಅಂಥ ಜಮೀನಿನಲ್ಲಿ ಎದ್ದ ಬಡಾವಣೆಯ ಮನೆ ಎಷ್ಟೇ ಚೆಂದವಿದ್ದರೂ ಹಕ್ಕು ನಿಲ್ಲದು.

‘ಬ್ಯಾಂಕಿನವರೇ ಸಾಲ ಕೊಡಲು ಒಪ್ಪಿದ್ದಾರೆ, ಇನ್ನೇನು ಬೇಕು’ ಎಂಬ ವಾದವೂ ಸಾಮಾನ್ಯ. ಬ್ಯಾಂಕಿನ ಪರಿಶೀಲನೆ ನಡೆಯುವುದು ಬ್ಯಾಂಕಿನ ಹಣದ ಭದ್ರತೆಗಾಗಿ. ಮುಂದೆ ಹಕ್ಕಿನಲ್ಲಿ ದೋಷ ಕಂಡರೂ ಸಾಲದ ಕಂತು ಕಟ್ಟಬೇಕಾದವರು ಕೊಂಡವರೇ.

ತೊಂದರೆಯಾದರೆ ಎಲ್ಲಿಗೆ ಹೋಗಬೇಕು?

ರೇರಾ ವ್ಯಾಪ್ತಿಯ ಯೋಜನೆಯಾದರೆ ಕಾಯ್ದೆಯ 31ನೇ ಕಲಂ ಅನ್ವಯ ಬಿಲ್ಡರ್ ವಿರುದ್ಧವಷ್ಟೇ ಅಲ್ಲ, ಏಜೆಂಟ್ ವಿರುದ್ಧವೂ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ತಪ್ಪು ಸಾಬೀತಾದರೆ ಏಜೆಂಟ್‌ನ ನೋಂದಣಿಯನ್ನೇ ರದ್ದುಪಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಉಳಿದ ವ್ಯವಹಾರಗಳಲ್ಲಿ, ಕಮಿಷನ್ ಪಡೆದು ನೀಡಿದ ಸೇವೆಯಲ್ಲಿ ಲೋಪವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಉದ್ದೇಶಪೂರ್ವಕ ವಂಚನೆಯಾಗಿದ್ದರೆ ಪೊಲೀಸ್ ದೂರಿಗೂ ಅವಕಾಶವಿದೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಬರಹದ ಸಾಕ್ಷ್ಯವನ್ನು. ಕಮಿಷನ್ ಕಾಗದ, ರಸೀದಿ, ಬ್ಯಾಂಕ್ ವರ್ಗಾವಣೆಯ ವಿವರ, ಮೊಬೈಲ್ ಸಂದೇಶಗಳು ಇದ್ದವರ ದೂರು ನಿಲ್ಲುತ್ತದೆ. ‘ನಂಬಿಕೆಯ ಮೇಲೆ ಕೊಟ್ಟೆವು’ ಎನ್ನುವವರ ದೂರು ಬಹಳ ದೂರ ಸಾಗುವುದಿಲ್ಲ.

ಊರಲ್ಲಿ ಹತ್ತಾರು ವರ್ಷ ಹೆಸರು ಉಳಿಸಿಕೊಂಡು, ತಾವು ಕೊಡಿಸಿದ ಮನೆಯ ಗೃಹಪ್ರವೇಶಕ್ಕೆ ಆಹ್ವಾನ ಪಡೆಯುವ ಮಧ್ಯವರ್ತಿಗಳೂ ಇದ್ದಾರೆ. ಅಂಥವರು ವಕೀಲರ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಒಂದು ವಾರ ತಡವಾದರೂ ದಾಖಲೆ ತರಿಸಿಕೊಡುತ್ತಾರೆ. ‘ಈ ಮನೆ ಬೇಡ, ಇದರ ಪತ್ರದಲ್ಲಿ ತಕರಾರಿದೆ’ ಎಂದು ತಮ್ಮ ಕಮಿಷನ್ ಬಿಟ್ಟುಕೊಟ್ಟು ಹೇಳುವವರೂ ಅವರಲ್ಲಿ ಸಿಗುತ್ತಾರೆ. ಅಂಥ ಮಾತು ಹೇಳುವವರು ಸಿಕ್ಕರೆ ಕೇಳಿದಷ್ಟು ಕಮಿಷನ್ ಕೊಟ್ಟರೂ ನಷ್ಟವಿಲ್ಲ.